ಸತ್ತವಳ ತಂಗಿಯಾಗಿ ಇಪ್ಪತ್ತೊಂಬತ್ತು ದಿನ

ನನಗೆ ಅಕ್ಕನೇ ಇಲ್ಲ. ಮನೆಗೆ ನಾನೇ ಹಿರಿಯಳು, ನನ್ನ ಬೆನ್ನಿಗೆ ಹುಟ್ಟಿದವರಿಬ್ಬರೂ ತಮ್ಮಂದಿರು. ಹೀಗಿರುವಾಗ ಸಿಂಗಾಪುರದ ಯಿಶುನ್‌ನಲ್ಲಿ, ಒಂಬತ್ತನೇ ಮಹಡಿಯ ಫ್ಲ್ಯಾಟೊಂದರ ಊಟದ ಮೇಜಿನ ಮುಂದೆ ಕೂತು, "ನಿಮ್ಮ ಅಕ್ಕ ಯಾವಾಗ ತೀರಿಕೊಂಡರು?" ಎಂಬ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡುವ ಗತಿ ನನಗೆ ಬಂತು. ಕೇಳುತ್ತಿದ್ದವನು ನನ್ನ ಮಗಳ ವಯಸ್ಸಿನವನು. ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಪರೀಕ್ಷೆ ತೆಗೆದುಕೊಳ್ಳುವ ಮೇಷ್ಟ್ರ ಹಾಗೆ ಕೂತಿದ್ದ. ಅವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗದಗಿನ ಸುತ್ತಲ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯ ಸಿಸ್ಟರ್ ಆಗಿದ್ದು ನಿವೃತ್ತಳಾದವಳು. ಈಗ ಯಾರಾದರೂ ಕರೆದರೆ ಬಾಣಂತನ ಮಾಡಲು ಹೋಗುತ್ತೇನೆ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಬಾಣಂತಿಯ ಹೊಲಿಗೆ ನೋಡುವುದು, ಹಾಲು ಕಟ್ಟಿದರೆ ಬಿಡಿಸುವುದು, ಎದೆಹಾಲು ಹೆಚ್ಚಲು ಅಳವಿ ಬೀಜದ ಪಾಯಸ ಕುದಿಸುವುದು, ಇಷ್ಟು ನನ್ನ ಕೆಲಸ. ಕೂಸಿನ ಕಿವಿಗೆ ಎಣ್ಣೆ ಬಿಡುವುದಿಲ್ಲ, ಹೊಗೆ ಹಾಕುವುದಿಲ್ಲ. ಅದನ್ನು ಕೇಳುವ ಅಜ್ಜಿಯರಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಸಿಸ್ಟರ್ ಒಬ್ಬರು ನನಗೆ ರಿಜಿಸ್ಟರ್ ಬರೆಯುವುದನ್ನು ಕಲಿಸಿದ್ದರು. ತಪ್ಪು ಬರೆದರೆ ಅಳಿಸಬಾರದು, ಬಿಳಿ ಬಣ್ಣ ಬಳಿಯಬಾರದು, ಹಾಳೆ ಹರಿಯಬಾರದು. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದುವಂತಿರಬೇಕು. ಮೇಲೆ ಸರಿಯಾದದ್ದು ಬರೆದು, ಸಹಿ ಹಾಕಿ, ತಾರೀಖು ಬರೆಯಬೇಕು. ಚುಚ್ಚದ ಲಸಿಕೆಯನ್ನು ಚುಚ್ಚಿದೆ ಎಂದು ಬರೆಯಲು ಹೇಳಿದ ಡಾಕ್ಟರೊಬ್ಬರ ಜೊತೆ ಜಗಳವಾಡಿ ವರ್ಗಾವಣೆ ಮಾಡಿಸಿಕೊಂಡವಳು ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಂಥ ನಾನೇ ಓದದೆ ಸಹಿ ಹಾಕಿದೆನಲ್ಲ, ಆ ಸಂಕಟಕ್ಕೆ ಹೇಳುತ್ತಿದ್ದೇನೆ.

ಸಿಂಗಾಪುರದ ಆ ಬಾಣಂತಿ ನಮ್ಮ ಓಣಿಯಲ್ಲೇ ಬೆಳೆದ ಹುಡುಗಿ. ಅವಳ ತಾಯಿ ಸರ್ಕಾರಿ ಶಾಲೆಯ ಟೀಚರು. ಪೋಲಿಯೋ ಹನಿ ಹಾಕುವ ಭಾನುವಾರಗಳಲ್ಲಿ ಶಾಲೆಯ ಬೀಗ ತೆಗೆದುಕೊಟ್ಟು, ನಮಗೆಲ್ಲ ಚುರುಮುರಿ ತಂದಿಡುತ್ತಿದ್ದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಅದಕ್ಕೇ ಮಗಳ ಬಾಣಂತನಕ್ಕೆ ಯಾರೂ ಇರಲಿಲ್ಲ. ಒಂದು ದಿನ ಹುಡುಗಿಯ ಗಂಡ ಫೋನು ಮಾಡಿದ. ಅವನು ಬೆಂಗಳೂರಿನವನು, ಸಿಂಗಾಪುರದ ಹಡಗುಕಟ್ಟೆಯಲ್ಲಿ ಎಂಜಿನಿಯರು.

"ಆಂಟಿ, ನಾಲ್ಕು ತಿಂಗಳು ಬಂದು ಇರ್ತೀರಾ? ಟಿಕೆಟ್, ವೀಸಾ ಎಲ್ಲ ನಾನೇ ನೋಡ್ಕೋತೀನಿ. ಮಂತ್ಲಿ ಇಷ್ಟು ಅಂತ ನಿಮ್ಮ ಅಕೌಂಟಿಗೆ ಹಾಕ್ತೀನಿ."

"ಯಾವ ವೀಸಾರೀ?"

"ವಿಸಿಟ್ ವೀಸಾ ಆಂಟಿ. ತುಂಬಾ ಸಿಂಪಲ್."

"ನಾಕ್ ತಿಂಗಳ ಕೆಲಸಕ್ಕ ವಿಸಿಟ್ ಆಗ್ತೈತೇನ್ರಿ?"

"ಎಲ್ಲರೂ ಹಾಗೇ ಬರೋದು ಆಂಟಿ."

ಆ 'ಎಲ್ಲರೂ' ಎಂಬ ಮಾತಿಗೇ ನಾನು ಅಲ್ಲೇ ಫೋನು ಇಡಬೇಕಿತ್ತು. ಇಡಲಿಲ್ಲ, ಅದಕ್ಕೆ ಕಾರಣವಿತ್ತು. ನನ್ನ ಒಬ್ಬಳೇ ಮಗಳು ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾಳೆ. ಎರಡು ಸಲ ಬಸಿರು ನಿಲ್ಲದೆ, ಮೂರನೆಯ ಸಲಕ್ಕೆ ಆಗಷ್ಟೇ ಮೂರು ತಿಂಗಳು ತುಂಬಿತ್ತು. "ಅವ್ವಾ, ನೀ ಬಂದ್ರಷ್ಟ ನಂಗ ಧೈರ್ಯ" ಎಂದು ದಿನಾ ಅಳುತ್ತಿದ್ದಳು. ಅವಳ ಹೆರಿಗೆಗೆ ನಾನು ಹೋಗಲೇಬೇಕು, ಹೋಗಿ ತಿಂಗಳುಗಟ್ಟಲೆ ಇರಬೇಕು. ನಾನೋ ವಿಮಾನ ಹತ್ತಿದವಳೇ ಅಲ್ಲ. ಪಾಸ್‌ಪೋರ್ಟಿನಲ್ಲಿ ಸಿಂಗಾಪುರದ ಓಡಾಟ ಇದ್ದರೆ ಆಸ್ಟ್ರೇಲಿಯಾದ ವೀಸಾ ಸಲೀಸು ಎಂದು ಪರಿಚಯದವರೊಬ್ಬರು ಹೇಳಿದ್ದರು. ಸರಿ, ದಾರಿಯೂ ಗೊತ್ತಾಗುತ್ತದೆ, ಟೀಚರ ಮಗಳಿಗೂ ಆಸರೆಯಾಗುತ್ತದೆ ಎಂದುಕೊಂಡೆ.

ವಾಟ್ಸಾಪಿನಲ್ಲಿ ಅರ್ಜಿ ಬಂತು. ಇಡೀ ಅರ್ಜಿಯಲ್ಲ, ಕೊನೆಯ ಹಾಳೆ ಮಾತ್ರ. "ಪೆನ್ಸಿಲ್ ಮಾರ್ಕ್ ಇರೋ ಕಡೆ ಸೈನ್ ಮಾಡಿ ಸ್ಕ್ಯಾನ್ ಕಳ್ಸಿ ಆಂಟಿ." ಮುಂದಿನ ಹಾಳೆಗಳೆಲ್ಲಿ ಎಂದು ನಾನು ಕೇಳಲಿಲ್ಲ. ನಮ್ಮ ಓಣಿಯ ಹುಡುಗಿ, ನಮ್ಮ ಟೀಚರ ಮಗಳು, ನಮ್ಮವರು. ನಮ್ಮವರು ಅಂದಮೇಲೆ ಓದುವುದೇನು? ನಮ್ಮ ಕಡೆಯವರ ರೋಗವೇ ಇದು. ಸರ್ಕಾರ ಕೊಟ್ಟ ಕಾಗದವನ್ನು ನಾಲ್ಕು ಸಲ ತಿರುವಿ ನೋಡುತ್ತೇವೆ, ನಮ್ಮವರು ಕೊಟ್ಟಿದ್ದಕ್ಕೆ ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ. ಝೆರಾಕ್ಸ್ ಅಂಗಡಿಯಲ್ಲಿ ನಿಂತುಕೊಂಡೇ ಸಹಿ ಹಾಕಿ ಕಳಿಸಿದೆ.

ಚಾಂಗಿ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆಯನ್ನೇ ಒತ್ತಲಿಲ್ಲ. ಎಷ್ಟು ದಿನ ಇರಬಹುದು ಎನ್ನುವ ಪಾಸ್ ಇ-ಮೇಲಿಗೆ ಬರುತ್ತದಂತೆ. ಆ ಇ-ಮೇಲು ನನ್ನದಲ್ಲ, ಅವನದು. ಟ್ಯಾಕ್ಸಿಯಲ್ಲಿ ಕೇಳಿದೆ.

"ಥರ್ಟಿ ಡೇಸ್ ಕೊಟ್ಟಿದ್ದಾರೆ ಆಂಟಿ. ಆಮೇಲೆ ಎಕ್ಸ್‌ಟೆಂಡ್ ಮಾಡ್ಸೋಣ, ಎಂಬತ್ತೊಂಬತ್ತು ದಿನದ ತನಕ ಆಗತ್ತೆ. ಅದು ಮುಗಿದ್ರೆ ಒಂದಿನ ಬಸ್‌ನಲ್ಲಿ ಮಲೇಷ್ಯಾದ ಜೋಹೋರ್‌ಗೆ ಹೋಗಿ ಊಟ ಮಾಡ್ಕೊಂಡು ಬಂದ್ರೆ ಮತ್ತೆ ಫ್ರೆಶ್ಶಾಗಿ ಸ್ಟಾರ್ಟ್."

ಎಲ್ಲವನ್ನೂ ಲೆಕ್ಕ ಹಾಕಿಟ್ಟುಕೊಂಡಿದ್ದ. ಅದನ್ನು ಕೇಳಿ ನನಗೆ ಜಾಣ ಎನಿಸಿತೇ ಹೊರತು, ಇದರಲ್ಲಿ ನಾನು ಯಾರೆಂದು ಬರೆದಿದ್ದಾನೆ ಎಂದು ಕೇಳಬೇಕೆನಿಸಲಿಲ್ಲ.

ಮನೆಗೆ ಹೋಗಿ ಕೈತೊಳೆದು ಕೂಸನ್ನು ಎತ್ತಿಕೊಂಡೆ. ನಾಲ್ಕು ದಿನದ್ದು, ಹುಟ್ಟುವಾಗ ಎರಡು ಕಿಲೋ ಆರುನೂರು. ಬಾಣಂತಿಗೆ ಸಿಸೇರಿಯನ್ ಆಗಿತ್ತು, ಎದೆ ಕಲ್ಲಾಗಿತ್ತು, ಕೂಸು ಬಾಯಿ ಹಾಕಿದರೆ ಕಿರುಚುತ್ತಿದ್ದಳು. ಬಿಸಿನೀರಿನ ಬಟ್ಟೆ ಇಟ್ಟು, ಕೈಯಿಂದ ಹಾಲು ಹಿಂಡಿ ತೆಗೆದು, ಕೂಸಿನ ಗಲ್ಲ ಹಿಡಿದು ಬಾಯಿ ಅಗಲ ಮಾಡಿ ಹಚ್ಚಿದೆ. ಮೂರನೆಯ ದಿನಕ್ಕೆ ಎದೆ ಸಡಿಲಾಯಿತು. "ಸಿಸ್ಟರ್ರೀ, ಅವ್ವ ಕಳಿಸಿದಂಗ ಬಂದ್ರಿ ನೋಡ್ರಿ" ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಮೇಲೆ ನನಗೆ ಇವತ್ತಿಗೂ ಪ್ರೀತಿಯಿದೆ, ಸಿಟ್ಟೂ ಇದೆ.

ಎರೆಯುವುದೇ ದೊಡ್ಡ ಸಾಹಸವಾಗಿತ್ತು. ಅಲ್ಲಿನ ಬಚ್ಚಲಲ್ಲಿ ಕಾಲು ಚಾಚಿ ಕೂರಲು ಜಾಗವೆಲ್ಲಿ? ಪಾದ ಹೋಗಿ ಕಮೋಡಿಗೆ ಬಡಿಯುತ್ತಿತ್ತು. ಕೊನೆಗೆ ಕೆಳಗಿನ ಅಂಗಡಿಯಿಂದ ಎರಡು ಗಿಡ್ಡ ಪ್ಲಾಸ್ಟಿಕ್ ಸ್ಟೂಲು ತರಿಸಿ, ಒಂದರ ಮೇಲೆ ಕೂತು, ಇನ್ನೊಂದರ ಮೇಲೆ ಹಿಮ್ಮಡಿಯಿಟ್ಟು, ಮೊಣಕಾಲ ಕೆಳಗಿನ ಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿ ಎರೆಯತೊಡಗಿದೆ. ವಾರ ಕಳೆಯುವಷ್ಟರಲ್ಲಿ ಕೂಸು ಎಣ್ಣೆಯ ಬಟ್ಟಲು ಕಂಡರೆ ಕಾಲು ಬಡಿಯುತ್ತಿತ್ತು. ತೂಕ, ಹಾಲು ಕುಡಿದ ಹೊತ್ತು, ಒದ್ದೆ ಬಟ್ಟೆ ಎಷ್ಟು, ಎಲ್ಲವನ್ನೂ ಹಳೆಯ ಅಭ್ಯಾಸದಂತೆ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಹತ್ತನೆಯ ದಿನ ಕೂಸನ್ನು ಆಸ್ಪತ್ರೆಗೆ ತೋರಿಸಲು ಹೋದಾಗ ಅಲ್ಲಿನ ನರ್ಸು ನನ್ನ ನೋಟುಬುಕ್ಕು ನೋಡಿ ಖುಷಿಪಟ್ಟು, ಇವರು ಯಾರು ಎಂದಳು. ನಾನು ಬಾಯಿ ತೆರೆಯುವ ಮೊದಲೇ ಇವನು, "ವೈಫ್ ತಾಯಿಯ ತಂಗಿ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟ. ಮರ್ಯಾದೆಗೆ ಹೇಳಿದನೇನೋ ಎಂದು ಸುಮ್ಮನಾದೆ. ಬಾಣಂತಿ ಮಾತ್ರ ನೆಲ ನೋಡಿದಳು.

ಇಪ್ಪತ್ತೊಂದನೆಯ ದಿನ ಸಂಜೆ ಅವನು ಕಾಗದ ತಂದಿಟ್ಟ. ಪಾಸ್ ವಿಸ್ತರಿಸಲು ಅರ್ಜಿ, ಅದರ ಜೊತೆ ನನ್ನ ಹೆಸರಿನಲ್ಲಿ ಒಂದು ಪತ್ರ. ಈ ಸಲ ಕನ್ನಡಕ ತರಿಸಿಕೊಂಡೆ. ಪತ್ರದಲ್ಲಿ ಹೀಗಿತ್ತು: ನಾನು ಇವಳ ತಾಯಿಯ ಖಾಸಾ ತಂಗಿ, ಅಕ್ಕ ತೀರಿಕೊಂಡ ಮೇಲೆ ಇವಳಿಗೆ ನಾನೇ ತಾಯಿಯ ಸಮಾನ, ಮೊಮ್ಮಗುವನ್ನು ನೋಡುವ ಆಸೆಯಿಂದ ಬಂದಿದ್ದೇನೆ, ಇನ್ನೂ ಎರಡು ತಿಂಗಳು ಇರಲು ದಯಮಾಡಿ ಅನುಮತಿ ಕೊಡಿ.

"ಇದೇನ್ರಿ ಇದು?"

"ಫಾರ್ಮ್ಯಾಲಿಟಿ ಆಂಟಿ. ಯಾರೂ ಚೆಕ್ ಮಾಡಲ್ಲ."

"ಮೊದಲಿನ ಅರ್ಜಿ ತೋರ್ಸ್ರಿ."

ತೋರಿಸಿದ. ಸಂಬಂಧ ಎಂಬ ಕಾಲಂನಲ್ಲಿ ಅದೇ: ತಾಯಿಯ ತಂಗಿ. ಕಾರಣ ಎಂಬ ಕಾಲಂನಲ್ಲಿ: ಬಂಧುಗಳ ಭೇಟಿ. ಅದರ ಕೊನೆಗೆ, ಗದಗಿನ ಝೆರಾಕ್ಸ್ ಅಂಗಡಿಯಲ್ಲಿ ಹಾಕಿದ ನನ್ನ ಸಹಿ, ದುಂಡಗೆ, ಅಚ್ಚುಕಟ್ಟಾಗಿ.

ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಅವನು ಲ್ಯಾಪ್‌ಟಾಪ್ ತಿರುಗಿಸಿ, ಅಕಸ್ಮಾತ್ ಕರೆದು ವಿಚಾರಿಸಿದರೆ ತೊದಲಬಾರದು ನೋಡಿ ಎಂದು ಪ್ರಶ್ನೆ ಶುರು ಮಾಡಿದ. ನಿಮ್ಮ ಅಕ್ಕನ ಪೂರ್ತಿ ಹೆಸರು? ಹುಟ್ಟಿದ ವರ್ಷ? ಯಾವಾಗ ತೀರಿಕೊಂಡರು? ಕಾಯಿಲೆ ಏನು? ಮೊದಲೆರಡಕ್ಕೆ ಬಾಯಿಗೆ ಬಂದಂತೆ ಉತ್ತರಿಸಿದೆ, ನನ್ನ ನಾಚಿಕೆಗೆಟ್ಟ ಬಾಯಿ. ಆಮೇಲೆ ಆ ಟೀಚರು ಶಾಲೆಯ ಕಟ್ಟೆಯ ಮೇಲೆ ಚುರುಮುರಿ ಹಂಚುತ್ತಿದ್ದದ್ದು ನೆನಪಾಯಿತು. ಸತ್ತ ಹೆಂಗಸನ್ನು ಕಾಗದದ ಮೇಲೆ ಎಬ್ಬಿಸಿ ತಂದು, ನನ್ನನ್ನು ಅವಳ ತಂಗಿ ಮಾಡಿದ್ದರು.

"ಸಾಕು ಮಾಡ್ರಿ! ಯಾರೂ ಚೆಕ್ ಮಾಡೂದಿಲ್ಲ ಅಂತೀರಿ, ಮತ್ತ ನನಗ್ಯಾಕ ಪಾಠ ಒಪ್ಪಿಸಾಕ ಹಚ್ಚೀರಿ?" ಎಂದು ಎದ್ದುಬಿಟ್ಟೆ.

ಮರುದಿನ ಕೂಸನ್ನು ನೋಡಲು ಬಾಣಂತಿಯ ಗೆಳತಿ ಬಂದಳು. ಸಿಂಗಾಪುರದಲ್ಲೇ ಬೆಳೆದ ಕನ್ನಡದ ಹುಡುಗಿ, ಇರುವುದು ಸೆರಂಗೂನ್‌ನಲ್ಲಿ. ಯಾವುದೋ ಕಂಪನಿಯಲ್ಲಿ ಹೊರದೇಶದಿಂದ ಬರುವ ಕೆಲಸಗಾರರಿಗೆ ಪಾಸ್ ಮಾಡಿಸುವುದೇ ಅವಳ ಕೆಲಸ. ಬಾಣಂತಿಯ ಗಂಡ ಆಫೀಸಿಗೆ ಹೋಗಿದ್ದ. ನಾನು ಅಳವಿ ಪಾಯಸದ ಬಟ್ಟಲನ್ನು ಅವಳ ಕೈಗಿಟ್ಟು, ಸುತ್ತಿ ಬಳಸದೆ ಕೇಳಿದೆ: "ತಂಗೀ, ನನ್ನಂಥಾಕಿ ಇಲ್ಲಿ ನಾಕ್ ತಿಂಗಳು ಬಾಣಂತನ ಮಾಡಬೇಕಂದ್ರ ಸರಿಯಾದ ವೀಸಾ ಯಾವದು?"

ಅವಳು ಚಮಚ ಕೆಳಗಿಟ್ಟಳು. ಬಾಣಂತಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಆಂಟಿ, ಬಾಣಂತನಕ್ಕೇ ಅಂತ ಒಂದು ಪರ್ಮಿಟ್ ಇದೆ. ಕನ್‌ಫೈನ್‌ಮೆಂಟ್ ನ್ಯಾನಿ ಅಂತ. ಎಕ್ಸಾಕ್ಟ್ಲಿ ನಿಮ್ಮ ಕೆಲ್ಸ. ಬಟ್ ಮಲೇಷ್ಯಾದವರಿಗೆ ಮಾತ್ರ ಕೊಡೋದು."

"ಗದಗಿನಾಕಿಗೆ ಇಲ್ಲ?"

"ಕ್ಯಾನಾಟ್ ಲಾ," ಎಂದಳು ಅಲ್ಲಿಯವರ ಧಾಟಿಯಲ್ಲಿ, "ಆಗಲ್ಲ. ಆಮೇಲೆ ಮನೆಕೆಲಸದವರ ಪರ್ಮಿಟ್ ಇದೆ, ಇಂಡಿಯಾದವರು ಅಪ್ಲೈ ಮಾಡಬಹುದು. ಬಟ್ ಏಜ್ ಫಿಫ್ಟಿ ಒಳಗಿರಬೇಕು."

"ಅದು ದಾಟಿ ಹನ್ನೊಂದು ವರ್ಷ ಆತು."

"ಲಾಂಗ್ ಟರ್ಮ್ ವಿಸಿಟ್ ಪಾಸ್ ಅಂತ ಇನ್ನೊಂದು. ಅಪ್ಪ ಅಮ್ಮನಿಗೆ ಸಿಗಬಹುದು. ಸ್ವಂತ ಅಮ್ಮ ಆಗಿರಬೇಕು ಆಂಟಿ."

"ಹಂಗಾರ ಇವ್ರ ಕಾನೂನಿನ್ಯಾಗ ಈಗ ನಾ ಯಾರು?"

"ಟೂರಿಸ್ಟ್, ಆಂಟಿ."

ಇಪ್ಪತ್ತೆರಡು ದಿನದಲ್ಲಿ ನಾನು ನೋಡಿದ ಸಿಂಗಾಪುರವೆಂದರೆ ಬಟ್ಟೆ ಒಣಹಾಕುವ ಕಿಟಕಿಯ ಹೊರಗಿನ ಬಿದಿರು ಗಳ, ಕಟ್ಟಡದ ಬುಡದಲ್ಲಿ ವಾಯ್ಡ್ ಡೆಕ್ ಎನ್ನುವ ತೆರೆದ ಜಗಲಿಯಲ್ಲಿ ಚದುರಂಗ ಆಡುವ ಮುದುಕರು, ಆಸ್ಪತ್ರೆಯ ದಾರಿ. ಒಳ್ಳೆ ಟೂರಿಸ್ಟು ನಾನು!

ಟೂರಿಸ್ಟ್ ಕೆಲಸ ಮಾಡಿ ಸಂಬಳ ತೆಗೆದುಕೊಂಡರೆ ಏನಾಗುತ್ತದೆ ಎಂದು ಕೇಳಿದೆ. ಅವಳು ದನಿ ತಗ್ಗಿಸಿದಳು. "ಸಿಕ್ಕಿಬಿದ್ರೆ ಇವರಿಗೂ ಕೇಸ್, ನಿಮಗೂ ಕೇಸ್. ನಿಮ್ಮನ್ನ ವಾಪಸ್ ಕಳ್ಸಿ ಬ್ಯಾನ್ ಮಾಡಬಹುದು. ವರ್ಸ್ಟ್ ಏನಂದ್ರೆ ಆಂಟಿ, ಬೇರೆ ದೇಶದ ವೀಸಾ ಫಾರ್ಮ್‌ನಲ್ಲೂ ಅದನ್ನ ಕೇಳ್ತಾರೆ. ಯಾವ ದೇಶದಲ್ಲಾದ್ರೂ ರೂಲ್ಸ್ ಮುರಿದಿದ್ದೀರಾ, ಅಂತ."

ಪರ್ತ್ ಕಣ್ಣ ಮುಂದೆ ಬಂತು. ದಾರಿ ಸಲೀಸಾಗಲಿ ಎಂದು ಬಂದವಳು ನನ್ನ ಮಗಳ ಮನೆಯ ಬಾಗಿಲಿಗೆ ನಾನೇ ಅಗುಳಿ ಹಾಕಿಕೊಂಡಿದ್ದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಹಾಗಾಯಿತು. ಗೆಳತಿ ಹೋದ ಮೇಲೆ ಬಾಣಂತಿ ತಾನಾಗಿಯೇ ಹೇಳಿದಳು: "ಅವ್ವನ ತಂಗಿ ಅಂತ ಬರದದ್ದು ನಂಗೂ ಗೊತ್ತಿತ್ರೀ ಸಿಸ್ಟರ್. ಹೇಳಿದ್ರ ನೀವು ಬರೂದಿಲ್ಲ ಅಂತ ಸುಮ್ಮನಿದ್ದೆ." ಅಳುತ್ತಿದ್ದಳು. ಹಸಿ ಬಾಣಂತಿಯನ್ನು ಬೈಯುವುದು ಹೇಗೆ? "ಅಳಬ್ಯಾಡ, ಹಾಲು ಬತ್ತತಾವ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ.

ಸಂಜೆ ಅವನು ಬಂದು ಬೂಟು ಬಿಚ್ಚುವ ಮೊದಲೇ ಹೇಳಿದೆ: "ನಾ ಸಹಿ ಹಾಕೂದಿಲ್ಲ. ಇಪ್ಪತ್ತೊಂಬತ್ತನೇ ದಿನಕ್ಕ ನನ್ನ ಟಿಕೀಟು ಮಾಡಸ್ರಿ."

ಅವನಿಗೂ ಸಿಟ್ಟು ಬಂತು. "ಆಂಟಿ, ಇದು ತುಂಬಾ ಅನ್‌ಫೇರ್. ಮಧ್ಯದಲ್ಲಿ ಕೈ ಬಿಟ್ರೆ ಇವಳ ಗತಿ ಏನು? ನಾನು ಲೀವ್ ಎಲ್ಲ ಮುಗಿಸ್ಕೊಂಡಿದೀನಿ."

"ಇದನ್ನ ಅರ್ಜಿ ತುಂಬೂ ಮುಂದ ಕೇಳ್ಕೋಬೇಕಿತ್ತು."

"ಸಂಬಳ ಇಂಡಿಯಾದಲ್ಲಿ ತಾನೇ ಕೊಡ್ತಿರೋದು? ಇಂಡಿಯನ್ ಅಕೌಂಟಿಗೆ. ಟೆಕ್ನಿಕಲಿ ನೀವಿಲ್ಲಿ ಕೆಲ್ಸ ಮಾಡ್ತಿದೀರಿ ಅಂತಾನೇ ಆಗಲ್ಲ."

"ಹೌದಲ್ರೀ! ಗದಗಿನ್ಯಾಗ ಕುಂತು ಸಿಂಗಾಪುರದ ಕೂಸಿಗೆ ಎರಿಯಾಕ ಬರ್ತೈತೇನ್ರಿ?"

ಬೂಟು ಬಿಚ್ಚಿಟ್ಟು, ಹೊಸದೊಂದು ಉಪಾಯ ತೆಗೆದ. "ಸರಿ, ಹಾಗಾದ್ರೆ ಸಂಬಳಾನೇ ಬೇಡ ಅನ್ನಿ. ಗೆಸ್ಟ್ ಥರ ಇರಿ. ಆಗ ಲೀಗಲ್ ಆಗತ್ತೆ."

ಎಂಥ ಉದಾರ ಮನಸ್ಸು! ಪುಕ್ಕಟೆ ದುಡಿದರೆ ಕಾನೂನು, ದುಡಿದದ್ದಕ್ಕೆ ಕೊಟ್ಟರೆ ಅಪರಾಧ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಇಪ್ಪತ್ತೆರಡು ದಿನದ್ದೂ ನನಗೆ ಒಂದು ಪೈಸೆ ಬೇಡ, ಹೋಗುವ ಟಿಕೀಟು ಸಾಕು ಎಂದೆ. ಇನ್ನೊಂದು ಮಾತೂ ಹೇಳಿದೆ: ತಪ್ಪು ಬರೆದಿದ್ದೇವೆ, ಇವಳು ಬಂಧುವಲ್ಲ ಎಂದು ನೀವೇ ವೀಸಾ ಆಫೀಸಿಗೆ ಬರೆದು ತಿದ್ದಿ. ಇಲ್ಲಿ ಕಾಯಂ ಇರಲು ಸಿಕ್ಕ ನಮ್ಮ ಪಿಆರ್ ಹೋಗುತ್ತದೆ, ಕೆಲಸ ಹೋಗುತ್ತದೆ, ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗಲಿ ಎಂದ. ಒಳಗಿನಿಂದ ಕೂಸು ಕುಂಯ್‌ಗುಟ್ಟಿತು. ನಾನು ಅಲ್ಲಿಗೆ ಬಿಟ್ಟೆ. ಬಿಡಬಾರದಿತ್ತೋ ಏನೋ. ಆ ಒಂದು ಸಾಲಿನ ಮೇಲೆ ಗೆರೆ ಎಳೆಯದೆ ಬಂದದ್ದು ಈಗಲೂ ಚುಚ್ಚುತ್ತದೆ.

ಉಳಿದದ್ದು ಏಳು ದಿನ. ಮರುದಿನ ಬೆಳಿಗ್ಗೆ ಎಣ್ಣೆಯ ಬಟ್ಟಲು ಬಿಸಿ ಮಾಡಿ ಅವನನ್ನೇ ಬಚ್ಚಲಿಗೆ ಕರೆದೆ.

"ನಾನಾ? ಆಂಟಿ, ಇದೆಲ್ಲ ಲೇಡೀಸ್ ಕೆಲ್ಸ."

"ಅರ್ಜಿ ತುಂಬಾಕ ಬಂತಲ್ಲ, ಇದೂ ಬರ್ತೈತಿ. ಪ್ಯಾಂಟ್ ಮಡಚ್ರಿ."

ಆರಡಿ ಆಳು ಎರಡು ಸ್ಟೂಲಿನ ನಡುವೆ ಮಡಚಿಕೊಂಡು ಕೂತ. ನೀರಿನ ಬಿಸಿಯನ್ನು ಬೆರಳಿನಿಂದಲ್ಲ, ಮೊಣಕೈಯಿಂದ ನೋಡಬೇಕು ಎಂದೆ. ಎಣ್ಣೆಯನ್ನು ಎದೆಯಿಂದ ಹೊರಗೆ, ತೊಡೆಯಿಂದ ಪಾದಕ್ಕೆ ನೀವಬೇಕು. ಕೂಸನ್ನು ಬೋರಲು ಮಲಗಿಸಿದಾಗ ಮುಖ ಎರಡು ಕಾಲಿನ ನಡುವಿನ ಸಂದಿಗೆ ಬರಬೇಕು, ಉಸಿರಾಡಲು ಜಾಗವಿರಬೇಕು. ನೀರು ಬೆನ್ನಿನ ಮೇಲೆ ಬೀಳಬೇಕು, ತಲೆಗೆ ಕೊನೆಯಲ್ಲಿ, ಅಂಗೈ ಅಡ್ಡ ಹಿಡಿದು. ಮೊದಲ ದಿನ ಗಡಿಬಿಡಿಯಲ್ಲಿ ಚೊಂಬನ್ನು ಸೀದಾ ಮುಖಕ್ಕೇ ಸುರಿದ. ಕೂಸು ಕೆಂಪಗಾಗಿ ಉಸಿರುಗಟ್ಟಿ ಅತ್ತಿತು. "ಕುತ್ತಿಗಿ ಹಿಡೀರಿ, ಕುತ್ತಿಗಿ! ಎಡಗೈ ಬಿಡಬ್ಯಾಡ್ರಿ!" ಎಂದು ನಾನು ಚೀರಿದ್ದು ಪಕ್ಕದ ಮನೆಗೂ ಕೇಳಿರಬೇಕು. ಎರಡನೆಯ ದಿನ ವಾಷಿಂಗ್ ಮಷೀನಿನ ಮೇಲೆ ಫೋನು ನಿಲ್ಲಿಸಿ, "ಒಂದ್ಸಲ ನೀವು ಎರೀರಿ ಆಂಟಿ, ಕೈ ಮಾತ್ರ ಕಾಣೋ ಹಾಗೆ ರೆಕಾರ್ಡ್ ಮಾಡ್ಕೋತೀನಿ" ಎಂದ. ಸರಿ, ಎರೆದೆ. ಹೇಳುತ್ತ ಹೇಳುತ್ತ, ಹಿಂದಿನ ದಿನ ಚೀರಿದ್ದನ್ನೇ ಮತ್ತೆ ಚೀರಿ ಬೈಯುತ್ತ ಬೈಯುತ್ತ ಎರೆದೆ.

ಆರನೆಯ ದಿನ ನನ್ನ ಕಡೆ ತಿರುಗಿ ನೋಡದೆ ಒಬ್ಬನೇ ಎರೆದು, ಒರೆಸಿ, ಬಟ್ಟೆ ಸುತ್ತಿ ಬಾಣಂತಿಯ ಮಡಿಲಿಗೆ ಕೊಟ್ಟ. ಅವಳಿಗೆ ಹಾಲು ಹಿಂಡಿಕೊಳ್ಳುವುದನ್ನೂ ಕಲಿಸಿದ್ದೆ. ಕೂಸು ಮೂರು ಕಿಲೋ ಮುನ್ನೂರು ತೂಗಿತು. ನೋಟುಬುಕ್ಕನ್ನು ಬಾಣಂತಿಗೆ ಕೊಟ್ಟೆ, ಮುಂದೆ ನೀನೇ ಬರಿ ಎಂದೆ. ಕೂಸಿನ ನೆತ್ತಿ ಮೂಸಿ ಹೊರಟೆ. ಲಿಫ್ಟಿನಲ್ಲಿ ಮಾತ್ರ ಕಣ್ಣೊರೆಸಿಕೊಂಡೆ.

ವಿಮಾನ ನಿಲ್ದಾಣದಲ್ಲಿ ಚೀಲ ಇಳಿಸಿಕೊಡುತ್ತ ಅವನು, "ಇಂಟರ್‌ನೆಟ್‌ನಲ್ಲಿ ಎಲ್ಲರೂ ಹೀಗೇ ಮಾಡಿ ಅಂತ ಬರ್ದಿದ್ರು ಆಂಟಿ" ಎಂದ. ಅಷ್ಟೇ ಅವನ ಕ್ಷಮಾಪಣೆ. ನಾನು ಒಳಗೆ ಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಯಾರು ನೋಡಿದರೂ ನನ್ನನ್ನೇ ನೋಡಿದಂತೆ. ಯಂತ್ರದ ಮೇಲೆ ಪಾಸ್‌ಪೋರ್ಟ್ ಒತ್ತಿದೆ, ಹೆಬ್ಬೆರಳು ಇಟ್ಟೆ, ಗೇಟು ತೆರೆಯಿತು. ನಿನ್ನ ಅಕ್ಕ ಯಾರು, ಯಾವಾಗ ಸತ್ತಳು ಎಂದು ಯಾರೂ ಕೇಳಲಿಲ್ಲ.

ಊರಿಗೆ ಬಂದ ಮೇಲೆ ಪರ್ತ್‌ನ ಅರ್ಜಿ. ಈ ಸಲ ನಾನು ಮಗಳಿಗೆ ಷರತ್ತು ಹಾಕಿದೆ: ಒಂದೊಂದು ಹಾಳೆಯನ್ನೂ ಓದಿ ಹೇಳಬೇಕು. ವಿಡಿಯೋ ಕಾಲಿನಲ್ಲಿ ಅವಳು ಓದುತ್ತ ಹೋದಳು, ನಾನು ಉತ್ತರ ಹೇಳುತ್ತ ಹೋದೆ. ಅಲ್ಲಿಗೆ ಹೋಗುವ ವೀಸಾ ನಿಜಕ್ಕೂ ಸರಿಯಾದದ್ದು, ಹೆತ್ತ ಮಗಳನ್ನು ನೋಡಲು ಹೋಗುವ ತಾಯಿಯ ವೀಸಾ. ಹದಿನೈದನೆಯ ಹಾಳೆಯೋ ಹದಿನಾರನೆಯದೋ, ಆ ಪ್ರಶ್ನೆ ಬಂತು. ಯಾವುದೇ ದೇಶದಲ್ಲಿ ವೀಸಾದ ನಿಯಮಗಳನ್ನು ಎಂದಾದರೂ ಪಾಲಿಸದೆ ಇದ್ದದ್ದು ಉಂಟೋ?

"ನೋ ಒತ್ತಲೇನವ್ವಾ?"

"ನಿಲ್ಲು."

"ಯಾಕ? ನೀ ಸಂಬಳನೂ ತಗೊಂಡಿಲ್ಲ, ದಿನ ಮೀರಿನೂ ಇಲ್ಲ. ಅವ್ರಿಗೆ ಹೆಂಗ ಗೊತ್ತಾಗ್ತೈತಿ?"

"ಸಂಬಳಕ್ಕ ಅಂತನ ಹೋಗಿದ್ದೆ. ಸುಳ್ಳು ಅರ್ಜಿಗೆ ಸಹಿ ಹಾಕಿದ್ದೆ. ಎಸ್ ಒತ್ತು."

"ಅವ್ವಾ, ಹುಚ್ಚು ಹಿಡದೈತೇನ ನಿಂಗ!"

ಅರ್ಧ ಗಂಟೆ ಜಗಳವಾಯಿತು. ಅಳಿಯನೂ ಬಂದು ತಿಳಿಹೇಳಿದ. ನನಗೂ ಏನು, ನೋ ಒತ್ತು ಎನ್ನಲು ಬಾಯಿ ತುರಿಸುತ್ತಿರಲಿಲ್ಲವೇ? ಆದರೆ ಅವತ್ತು ಊಟದ ಮೇಜಿನ ಮುಂದೆ ಬಾಯಿಪಾಠ ಒಪ್ಪಿಸಿದ ನಾಲಿಗೆಯಿಂದ ಇನ್ನೊಂದು ಸುಳ್ಳು ಹೊರಡಲಿಲ್ಲ. ಎಸ್ ಒತ್ತಿಸಿದೆ. ವಿವರಣೆಯ ಜಾಗದಲ್ಲಿ ರಿಜಿಸ್ಟರಿನ ಕ್ರಮದಲ್ಲೇ ಬರೆಸಿದೆ: ಮೊದಲು ಬರೆದದ್ದು ಏನು, ಅದರಲ್ಲಿ ಸುಳ್ಳು ಯಾವುದು, ನಿಜ ಯಾವುದು. ಯಾರ ಹೆಸರನ್ನೂ ಬರೆಸಲಿಲ್ಲ, ನನ್ನದೊಂದನ್ನು ಬಿಟ್ಟು.

ಮೂರು ವಾರಕ್ಕೆ ಇನ್ನಷ್ಟು ದಾಖಲೆ ಕೇಳಿ ಪತ್ರ ಬಂತು. ಕಳಿಸಿದೆವು. ಆಮೇಲೆ ಇನ್ನೊಂದು. ಅದಕ್ಕೂ ಉತ್ತರಿಸಿದೆವು. ಪರಿಶೀಲನೆಯಲ್ಲಿದೆ, ಪರಿಶೀಲನೆಯಲ್ಲಿದೆ. ಮಗಳಿಗೆ ಎಂಟು ತುಂಬಿತು, ಒಂಬತ್ತು ತುಂಬಿತು. ಹೋದ ತಿಂಗಳು ಗಂಡು ಕೂಸು ಹುಟ್ಟಿತು, ಎರಡು ಕಿಲೋ ಒಂಬೈನೂರು. ನನ್ನ ಅರ್ಜಿ ಇವತ್ತಿಗೂ ಪರಿಶೀಲನೆಯಲ್ಲಿದೆ.

ಆ ನಡುವೆ ಸಿಂಗಾಪುರದವನು ಆ ವಿಡಿಯೋ ಕಳಿಸಿದ್ದ, "ಆಂಟಿ, ಈಗಲೂ ದಿನಾ ನಾನೇ ಎರೀತೀನಿ" ಎಂಬ ಒಂದು ಸಾಲಿನ ಜೊತೆ. ಅದನ್ನು ಅಳಿಯನಿಗೆ ಕಳಿಸಿದೆ. ಮೊದಲ ಸಲ ಅವನು ಎರೆಯಲು ಕೂತಾಗ ಮಗಳು ನನಗೆ ಕಾಲ್ ಹಚ್ಚಿ ಫೋನನ್ನು ಬಚ್ಚಲಿನ ಕಡೆ ತಿರುಗಿಸಿದಳು. ಎರಡು ಸ್ಟೂಲು, ಎಣ್ಣೆಯ ಬಟ್ಟಲು, ಕಾಲಿನ ಮೇಲೆ ನನ್ನ ಮೊಮ್ಮಗ. ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ಯಿಶುನ್‌ನ ಬಚ್ಚಲು, ಬೇರೆಯವರ ಕೂಸಿನ ಬೆನ್ನ ಮೇಲೆ ನನ್ನದೇ ಕೈ.

"ಯಾರದೋ ಕೂಸಿಗೆ ನಿನ್ನ ಕೈ ಸಿಕ್ತು, ನನ್ನ ಕೂಸಿಗೆ ನಿನ್ನ ವಿಡಿಯೋ," ಎಂದಳು ಮಗಳು. ಬೈದಳೋ ಅತ್ತಳೋ ಗೊತ್ತಾಗಲಿಲ್ಲ.

ಆ ಇನ್ನೊಂದು ಫೋನಿನಲ್ಲಿ ನಾನೇ ಚೀರುತ್ತಿದ್ದೆ: "ಕುತ್ತಿಗಿ ಹಿಡೀರಿ, ಕುತ್ತಿಗಿ! ಎಡಗೈ ಬಿಡಬ್ಯಾಡ್ರಿ!" ಅಳಿಯ ಸರಿಯಾಗಿಯೇ ಹಿಡಿದಿದ್ದ. ನಾನು ಗದಗಿನಲ್ಲಿ ಕೂತು ನೋಡುತ್ತಿದ್ದೆ, ಎಣ್ಣೆಯೂ ನೀರೂ ತಾಕದ ಒಣ ಕೈ ಮಡಿಲಲ್ಲಿಟ್ಟುಕೊಂಡು.